ಲೈನ್ ಕ್ಲಿಯರ್

ದುರ್ಗಿಗುಡಿಯಲ್ಲಿ, ಕನ್ನಡಕದಂಗಡಿಯ ಮೇಲೆ
ಒಂದು ಕೋಣೆ, ಒಂದು ಫ್ಯಾನು, ಪ್ರಫುಲ್ಲಾ ಮೇಡಂ.
ನನ್ನ ಹನ್ನೊಂದು ಹಾಳೆ ಹಾರದಂತೆ
ಮೇಲೊಂದು ಸುಣ್ಣದ ಡಬ್ಬಿ.

‘ಕತೆಯಾಗಿದ್ದರೆ ಕೇಳ್ತಿರಲಿಲ್ಲ,’ ಅಂದರು,
‘ನಡೆದದ್ದು ಅಂತ ಬರೆದಿದ್ದೀರಿ, ಅದಕ್ಕೆ ಕೇಳ್ತೇನೆ.
ಕಂಬದ ತುದಿಯ ಈ ಕಾಗೆ
ತಾನೇ ಕೂತಿತ್ತಾ, ನೀವು ಕೂರಿಸಿದ್ದಾ?’

ಮೂವತ್ತೊಂದು ವರ್ಷ ಕಂಬ ಹತ್ತಿದವನು ನಾನು.
ಕಾಗೆ ಇದ್ದೇ ಇರುತ್ತೆ ಮೇಡಂ, ಅಂದೆ.
‘ಇರುತ್ತೆ ಬೇರೆ, ಇತ್ತು ಬೇರೆ.
ನನ್ನ ಮುಂದೆ ಕಾಗೆ ಹಾರಿಸಬೇಡಿ.’
ಕೆಂಪು ಗೀಟಿನಡಿ ಅದು ರೆಕ್ಕೆ ಮುದುರಿತು.

ಹಿಂದೊಬ್ಬರು ತಾಯಿಯ ನೆನಪು ಬರೆದಿದ್ದರಂತೆ,
ಕೊನೆಯ ದಿನ ಉಟ್ಟ ನೀಲಿ ಸೀರೆ, ಅದರ ಸೆರಗು.
ಅಚ್ಚಾದ ವಾರಕ್ಕೆ ಭದ್ರಾವತಿಯಿಂದ ಅವರ ಅಕ್ಕ
ಸೀರೆಯನ್ನೇ ಚೀಲದಲ್ಲಿ ತಂದು ಇದೇ ಮೇಜಿನ ಮೇಲೆ ಹರವಿದರು.
ಹಸಿರು. ಗಿಳಿಹಸಿರು.
‘ಮೂರು ಪುಟದ ಅಳು, ಆ ಸೀರೆಯ ಮುಂದೆ ಒಣಗಿಹೋಯ್ತು ನೋಡಿ.’

ಆಮೇಲೆ ಹುಚ್ಚರಾಯಪ್ಪನ ಹೆಂಡತಿಯ ಮಾತಿಗೆ ಬಂದರು.
‘ನನ್ನ ದೀಪ ಆರಿತು—ಕೆರಿಯಮ್ಮ ಹೀಗಂದಳಾ?’
ಇಲ್ಲ.
‘ಮತ್ತೇನಂದಳು?’
ನಾನು ಫ್ಯಾನು ನೋಡಿದೆ.
ಬುತ್ತಿ ಡಬ್ಬಿ ಎಲ್ಲಿ, ಅಂತ ಕೇಳಿದಳು.
ಎರಡು ಸಲ ಕೇಳಿದಳು.
‘ಅದನ್ನು ಬಿಟ್ಟು ದೀಪ ಯಾಕೆ ಹಚ್ಚಿದಿರಿ?’

ಕೊನೆಗೆ ಮಳೆ.
ನಾಲ್ಕು ಸಾಲು, ನಾನೇ ಮೆಚ್ಚಿ ಗಟ್ಟಿಯಾಗಿ ಓದಿಕೊಂಡದ್ದು:
ಒದ್ದೆ ಕೈಗವುಸು, ಜಾರುವ ಏಣಿ, ತಂತಿಯುದ್ದಕ್ಕೂ ಹನಿ.
‘ಮಲೆನಾಡು ಅಂದ್ರೆ ಮಳೆ ಬರಲೇಬೇಕಾ?
ಚೆನ್ನಾಗಿದೆ. ಚೆನ್ನಾಗಿರೋದೇ ಅನುಮಾನ.
ಎಲ್ಲಾದರೂ ದಾಖಲೆ ಸಿಗುತ್ತಾ ನೋಡಿ.’

ಸಬ್‌ಸ್ಟೇಷನ್ನಿನ ಹಳೇ ಬೀರು.
ಗೆದ್ದಲು ತಿಂದು ಬಿಟ್ಟ ಲಾಗ್ ಬುಕ್ಕು.
ಫೆಬ್ರವರಿ ಹದಿನೇಳು. ಹವೆ: ಬಿಸಿಲು.
ಹನ್ನೊಂದು ನಲವತ್ತು. ರಿಪ್ಪನ್‌ಪೇಟೆ ಫೀಡರ್.
ಕೆಲಸ ಮುಗಿದಿದೆ, ಎಲ್ಲರೂ ಇಳಿದಿದ್ದಾರೆ,
ಲೈನ್ ಕ್ಲಿಯರ್ ವಾಪಸ್.
ಫೋನಿನಲ್ಲಿ ತಿಳಿಸಿದವರು—
ಮುಂದೆ ನನ್ನ ಹೆಸರು. ಅಕ್ಷರ ಆಪರೇಟರದ್ದು,
ದನಿ ನನ್ನದು.

ಎಲ್ಲರೂ ಇಳಿದಿರಲಿಲ್ಲ.

ವಿಚಾರಣೆ ಅಕಸ್ಮಾತ್ ಅಂತ ಬರೆದು ಮುಚ್ಚಿತು.
ಹತ್ತೊಂಬತ್ತು ವರ್ಷ ಆ ಒಣ ದಿನದ ಮೇಲೆ
ಮಳೆ ಸುರಿಸಿದವನು ನಾನು,
ಕೈ ಒದ್ದೆಯಾಗಿದ್ದು ಅವನದಾಗಲಿ ಅಂತ.

ಹೊಸದಾಗಿ ಬರೆದೆ. ಏಳೇ ಹಾಳೆ ಆಯಿತು.
ಮೇಡಂ ಓದಿದರು. ಕೆಂಪು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.
ಕೆಳಗೆ ಅಂಗಡಿಯಲ್ಲಿ ಯಾರೋ
ದೂರದ ಅಕ್ಷರ ಓದುತ್ತಿದ್ದರು: ಗ, ಠ, ಮತ್ತೆ ಗ.

ನಾನು ಅನ್ನೋ ಕಡೆ ಅವನು ಅಂತ ಹಾಕಬಹುದಾ ಮೇಡಂ,
ಒಬ್ಬ ಲೈನ್‌ಮನ್, ಅಂತ?
‘ಹಾಕಬಹುದು. ಆಗ ಬೇರೆ ಪ್ರಕಾಶಕರನ್ನು ನೋಡಬೇಕಾಗುತ್ತೆ.’
ಒಂದು ಕ್ಷಣ ಬಿಟ್ಟು:
‘ಕೆರಿಯಮ್ಮ ಇದ್ದಾರಾ?’
ಇದ್ದಾರೆ.
‘ಓದೋಕೆ ಬರುತ್ತಾ?’
ಬರಲ್ಲ.
‘ಹಾಗಾದ್ರೆ ನೀವೇ ಓದಿ ಹೇಳಬೇಕು.
ಅವರು ಬೇಡ ಅಂದ್ರೆ ಬೇಡ.
ನಾನು ಹಾಳೆ ತಿದ್ದೋಳು ಅಷ್ಟೆ,
ಈ ಲೈನಿಗೆ ಕ್ಲಿಯರ್ ಕೊಡೋ ಅಧಿಕಾರ ನನಗಿಲ್ಲ.’

ಸುಣ್ಣದ ಡಬ್ಬಿ ಎತ್ತಿದರು.
ಏಳು ಹಾಳೆ ಫ್ಯಾನಿನ ಗಾಳಿಗೆ ಎದ್ದವು,
ಮೊಣಕೈ ಊರಿ ಹಿಡಿದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ, ಕಣ್ಣಿಗೆ ಹೊಡೆವ ಬಿಸಿಲು.
ಪರದೆ ಎಳೆಯಲಿಲ್ಲ.
ಎಲ್ಲಿಗೆ, ಅಂದ ಕಂಡಕ್ಟರ್.
ಬಾಯಿಗೆ ಬಂದದ್ದು ನನ್ನ ಊರು.
ತಿದ್ದಿಕೊಂಡು
ಅವಳ ಊರು ಹೇಳಿದೆ.